ಲ್ಯೂಸಿನ್ ಜಿಪ್ಪರ್

ವಂಶವಾಹಿಗಳ ಪ್ರತಿಲೇಖನವನ್ನು ನಿಯಂತ್ರಿಸುವ ಕೆಲವು ಪ್ರೋಟೀನುಗಳಲ್ಲಿ ಎರಡು ಅಣುಗಳನ್ನು ಜೋಡಿಯಾಗಿ ಬೆಸೆಯುವ ಸುರುಳಿಯಾಕಾರದ ಭಾಗ. ಇದಕ್ಕೆ ಅಂಟಿಕೊಂಡೇ ಡಿಎನ್‌ಎಯನ್ನು ಹಿಡಿಯುವ ಪ್ರತ್ಯಾಮ್ಲೀಯ ಭಾಗವಿದೆ. ಎರಡೂ ಸೇರಿದ ಘಟಕಕ್ಕೆ ಬಿ-ಜಿಪ್ ಎಂದು ಹೆಸರು. ಯೀಸ್ಟ್, ಸಸ್ಯ, ಪ್ರಾಣಿಗಳೆಲ್ಲದರಲ್ಲೂ ಇದು ಕಾಣಸಿಗುತ್ತದೆ. ಮನುಷ್ಯರಲ್ಲಿ ಬಿ-ಜಿಪ್ ಪ್ರೋಟೀನುಗಳ ವಂಶವಾಹಿಗಳು ಸುಮಾರು 50.

ಶೋಧ: 1988ರಲ್ಲಿ ಲ್ಯಾಂಡ್‌ಶುಲ್ಜ್, ಜಾನ್ಸನ್ ಮತ್ತು ಮೆಕ್‌ನೈಟ್ ಕೆಲವು ಪ್ರೋಟೀನುಗಳಲ್ಲಿ ಪ್ರತಿ ಏಳನೆಯ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಮರುಕಳಿಸುವುದನ್ನು ಗುರುತಿಸಿದರು. ಎರಡು ಸುರುಳಿಗಳ ಲ್ಯೂಸಿನ್‌ಗಳು ಜಿಪ್ಪಿನ ಹಲ್ಲುಗಳಂತೆ ಒಂದರ ಸಂದಿಗೆ ಇನ್ನೊಂದು ಸಿಕ್ಕಿಕೊಳ್ಳುತ್ತವೆ ಎಂದು ಅವರು ಊಹಿಸಿದ್ದರು. ಯೀಸ್ಟಿನ ಜಿಸಿಎನ್4 ಪ್ರೋಟೀನಿನ ಈ ಭಾಗದ ರಚನೆಯನ್ನು 1991ರಲ್ಲಿ ಕ್ಷಕಿರಣಗಳಿಂದ ಬಿಡಿಸಿದಾಗ, ಎರಡು ಸುರುಳಿಗಳು ಒಂದೇ ದಿಕ್ಕಿನಲ್ಲಿ ಹೆಣೆದುಕೊಂಡಿರುವುದೂ ಲ್ಯೂಸಿನ್‌ಗಳು ಅಕ್ಕಪಕ್ಕದಲ್ಲಿ ಜತೆಗೂಡುವುದೂ ಕಂಡುಬಂತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಜೋಡಿಯ ಆಯ್ಕೆ: ಏಳೇಳರ ಪ್ರತಿ ಆವರ್ತನದಲ್ಲಿ ಒಂದನೆಯ ಮತ್ತು ನಾಲ್ಕನೆಯ ಸ್ಥಾನಗಳು ನೀರಿಗೆ ಬೆನ್ನುಹಾಕಿ ಜೋಡಿಯ ಒಳತಿರುಳಾಗುತ್ತವೆ. ಲ್ಯೂಸಿನ್ ಇರುವುದು ನಾಲ್ಕನೆಯದರಲ್ಲಿ. ತಿರುಳು ಬಂಧಕ್ಕೆ ಬಲ ಕೊಡುತ್ತದೆ. ಯಾರೊಡನೆ ಬಂಧ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಂಚಿನ ಐದನೆಯ ಮತ್ತು ಏಳನೆಯ ಸ್ಥಾನಗಳ ವಿದ್ಯುದಾವೇಶ. ಫಾಸ್ ಪ್ರೋಟೀನಿನ ಅಂಚಿನಲ್ಲಿ ಋಣಾವೇಶ ಹೆಚ್ಚು. ಆದ್ದರಿಂದ ಎರಡು ಫಾಸ್ ಅಣುಗಳು ಪರಸ್ಪರ ವಿಕರ್ಷಿಸುತ್ತವೆ, ಆದರೆ ಫಾಸ್ ಮತ್ತು ಜುನ್ ಎಂಬ ಇನ್ನೊಂದು ಬಿ-ಜಿಪ್ ಪ್ರೋಟೀನು ಗಟ್ಟಿಯಾಗಿ ಕೂಡುತ್ತವೆ. ತಿರುಳಿನೊಳಗಿನ ಒಂದು ಅಮೈನೋ ಆಮ್ಲವೂ ಪರಿಣಾಮ ಬೀರಬಲ್ಲದು: ಜಿಸಿಎನ್4ರಲ್ಲಿರುವ ಆಸ್ಪರಾಜಿನ್ ಅನ್ನು ವ್ಯಾಲಿನ್‌ಗೆ ಬದಲಿಸಿದರೆ ಜೋಡಿಗಳ ಜತೆಗೆ ಮೂರರ ಗುಂಪುಗಳೂ ಏರ್ಪಡುತ್ತವೆ.

ಡಿಎನ್‌ಎ ಬಂಧನ: ಪ್ರತ್ಯಾಮ್ಲೀಯ ಭಾಗ ಡಿಎನ್‌ಎ ಸಿಗುವವರೆಗೆ ಸ್ಥಿರ ಆಕಾರವಿಲ್ಲದೆ ಸಡಿಲವಾಗಿರುತ್ತದೆ, ಸಿಕ್ಕ ಮೇಲೆ ಸುರುಳಿಯಾಗುತ್ತದೆ. ಜೋಡಿಯ ಎರಡು ಸುರುಳಿಗಳು ಕವಲೊಡೆದು ಡಿಎನ್‌ಎಯ ದೊಡ್ಡ ತೋಡಿಗೆ ಎರಡು ಬದಿಗಳಿಂದ ಇಳಿಯುತ್ತವೆ. ಒಂದೊಂದೂ ಪ್ರೋಟೀನು ಹಿಡಿಯುವ ಡಿಎನ್‌ಎ ಗುರುತಿನ ಅರ್ಧರ್ಧವನ್ನು ಓದುತ್ತದೆ. ಒಂಟಿ ಅಣುವಿನ ಹಿಡಿತ ದುರ್ಬಲ. 1989ರ ಒಂದು ಪ್ರಯೋಗದಲ್ಲಿ ಎರಡು ಪ್ರೋಟೀನುಗಳ ಜಿಪ್ಪರ್‌ಗಳನ್ನು ಅದಲುಬದಲು ಮಾಡಲಾಯಿತು. ಆದರೂ ಪ್ರತಿಯೊಂದೂ ತನ್ನ ಹಳೆಯ ಡಿಎನ್‌ಎ ಗುರುತನ್ನೇ ಹಿಡಿಯಿತು. ಹೀಗೆ ಜೋಡಣೆಯೂ ಗುರುತಿಸುವಿಕೆಯೂ ಬೇರ್ಪಡಿಸಬಹುದಾದ ಕೆಲಸಗಳೆಂದು ಸ್ಪಷ್ಟವಾಯಿತು.

ನಿಯಂತ್ರಣದಲ್ಲಿ ಪಾತ್ರ: ಕೆಲಸಗಳು ಬೇರೆಯಾದರೂ ಜತೆಗಾರ ಬದಲಾದರೆ ಗುರಿಯೂ ಬದಲಾಗಬಹುದು. ಜುನ್ ಫಾಸ್‌ನೊಡನೆ ಕೂಡಿದಾಗ ಟಿ-ಜಿ-ಎ-ಸಿ-ಟಿ-ಸಿ-ಎ ಎಂಬ ಏಳಕ್ಷರದ ತಾಣಕ್ಕೂ, ಎಟಿಎಫ್2 ಎಂಬ ಬಿ-ಜಿಪ್ ಪ್ರೋಟೀನಿನೊಡನೆ ಕೂಡಿದಾಗ ಟಿ-ಜಿ-ಎ-ಸಿ-ಜಿ-ಟಿ-ಸಿ-ಎ ಎಂಬ ಎಂಟಕ್ಷರದ ತಾಣಕ್ಕೂ ಒಲವು ತೋರುತ್ತದೆ. ಬೆಳವಣಿಗೆಯ ಸಂಕೇತ ತಲುಪಿದ ಕೆಲವೇ ನಿಮಿಷಗಳಲ್ಲಿ ಕೋಶದಲ್ಲಿ ಫಾಸ್ ವಂಶವಾಹಿ ಚುರುಕಾಗುವುದರಿಂದ, ಜೋಡಿಗಳ ಪ್ರಮಾಣವೂ ಬೇಗನೆ ಬದಲಾಗುತ್ತದೆ.

ಜೋಡಿಯಾಗುವಿಕೆ ತಡೆಯೂ ಆಗಬಲ್ಲದು. ಒತ್ತಡಕ್ಕೊಳಗಾದ ಕೋಶಗಳಲ್ಲಿ ಹೆಚ್ಚುವ ಚಾಪ್ ಪ್ರೋಟೀನು ಸಿ/ಇಬಿಪಿ ಪ್ರೋಟೀನುಗಳೊಡನೆ ಕೂಡಿ, ಅವು ತಮ್ಮ ಎಂದಿನ ತಾಣಗಳನ್ನು ಹಿಡಿಯದಂತೆ ಮಾಡುತ್ತದೆ. ಹೆಲಿಕ್ಸ್-ಲೂಪ್-ಹೆಲಿಕ್ಸ್ ಎಂಬ ಇನ್ನೊಂದು ಕುಲದಲ್ಲೂ ಇದೇ ತಂತ್ರವಿದೆ: ಪ್ರತ್ಯಾಮ್ಲೀಯ ಭಾಗವೇ ಇಲ್ಲದ ಐಡಿ ಪ್ರೋಟೀನುಗಳು ಜತೆಗಾರರನ್ನು ಕಟ್ಟಿಹಾಕಿ ಡಿಎನ್‌ಎಯಿಂದ ದೂರವಿಡುತ್ತವೆ.