ಯಜಮಾನಿಕೆ ಬಿಟ್ಟವರ ಊರು

ಮುಪ್ಪು, ನಿವೃತ್ತಿಗಳ ಮೇಲೆ ಎಂ.ಎ. ಓದುತ್ತಿರುವ ತಂಗಿಯ ಮಗಳು ಫೋನಿನಲ್ಲಿ ಕೇಳಿದಳು: "ಮಾವಾ, ನಮ್ಮ ಸೋಂದಾದಲ್ಲಿ ಹಿಂದೆ ರಿಟೈರ್‌ಮೆಂಟ್ ಅಂತ ಇತ್ತಾ?" ಅವಳ ಪಠ್ಯದಲ್ಲಿ ಕಥೆ ಶುರುವಾಗುವುದೇ ಜರ್ಮನಿಯ 1889ರ ಪಿಂಚಣಿ ಕಾನೂನಿನಿಂದಂತೆ. ಬ್ಯಾಂಕು ಬಿಟ್ಟು ಊರಿಗೆ ಬಂದು ವರ್ಷವಾಗದ ನನಗೇ ಈ ಪ್ರಶ್ನೆ!

ಇತ್ತು ಮಾರಾಯ್ತಿ, ಎರಡು ನಮೂನೆ ಇತ್ತು ಎಂದೆ.

ಮೊದಲನೆಯದು ಸೋದೆ ಮಠದ ಯತಿ ವಾದಿರಾಜರದು. ಉಡುಪಿಯ ಕೃಷ್ಣಪೂಜೆ ಆಗ ಎಂಟು ಮಠಗಳ ನಡುವೆ ಎರಡೆರಡು ತಿಂಗಳಿಗೆ ಕೈ ಬದಲಾಗುತ್ತಿತ್ತು. 1522ರಿಂದ ಅದನ್ನು ಎರಡು ವರ್ಷಕ್ಕೆ ಏರಿಸಿದವರು ಅವರೇ. ಒಂದು ಮಠದ ಸರದಿ ಮತ್ತೆ ಬರಲು ಹದಿನಾರು ವರ್ಷ ಕಾಯಬೇಕು. ಈ ಸರದಿಗೇ ಪರ್ಯಾಯ ಎನ್ನುವುದು; 1532ರಿಂದ ನಾಲ್ಕು ಪರ್ಯಾಯ ಅವರು ಸ್ವತಃ ನಡೆಸಿದರು. ಐದನೆಯದು ಬಂದಾಗ ವಯಸ್ಸು ನೂರು ದಾಟಿತ್ತು ಎನ್ನುತ್ತದೆ ಮಠದ ಪರಂಪರೆ. ಶಿಷ್ಯ ವೇದವೇದ್ಯತೀರ್ಥರನ್ನು ಉಡುಪಿಗೆ ಕಳಿಸಿ ತಾವು ಇಲ್ಲೇ, ಅರಸಪ್ಪ ನಾಯಕ ಆಳುತ್ತಿದ್ದ ಸೋದೆಯಲ್ಲಿ, ಅಂದರೆ ನಮ್ಮ ಸೋಂದಾದಲ್ಲೇ ಉಳಿದರಂತೆ. 1600ರ ಬೃಂದಾವನ ಪ್ರವೇಶಕ್ಕಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ; ಭಕ್ತರು ಬೈಯಬಾರದು. ತಾನೇ ಕಟ್ಟಿದ ಪದ್ಧತಿಯ ಸರದಿಯನ್ನು ಕಿರಿಯರ ಕೈಗೆ ಕೊಡುವುದು ಸಣ್ಣ ಮಾತಲ್ಲ.

ಎರಡನೆಯದು ಸೋಂದಾದ ಅರಸರದು. 1763ರ ಸುಮಾರಿಗೆ ಹೈದರಾಲಿಯ ಸೈನ್ಯ ಬಂತು, ಆಗಿನ ಅರಸ ಇಮ್ಮಡಿ ಸದಾಶಿವ ಗೋವೆಗೆ ಓಡಿದ. ಪೋರ್ಚುಗೀಸರ ಆಶ್ರಯ, ಅವರು ಕೊಟ್ಟ ವರ್ಷಾಶನ. ಕಡ್ಡಾಯ ನಿವೃತ್ತಿ, ಪಿಂಚಣಿ ಸಹಿತ! ವಂಶ ಫೋಂಡಾದ ಕಡೆ ಉಳಿಯಿತು. ಇಲ್ಲಿ ಕೋಟೆಯ ಹಳೇ ಫಿರಂಗಿಗಳು ಉಳಿದವು.

"ಹಂಗಾರೆ ಅಜ್ಜಂದು ಯಾವ ನಮೂನೆ?" ಎಂದಳು.

ಅಪ್ಪಯ್ಯನಿಗೆ 86. ಹೋದ ದೀಪಾವಳಿಯಂದು ಅಡಕೆ ತೋಟ, ಸೊಪ್ಪಿನಬೆಟ್ಟ, ಆಳುಲೆಕ್ಕ ಎಲ್ಲ ನನಗೆ ಒಪ್ಪಿಸಿ, ಕಪಾಟಿನ ಬೀಗದಕೈಯನ್ನೂ ಕೊಟ್ಟರು. ಕೊನೆಕೊಯ್ಲು ಶುರುವಾದ ದಿನ ಬೆಳಿಗ್ಗೆ ನಾನು ತೋಟಕ್ಕೆ ಇಳಿದರೆ, ಕಾದಿಗೆಯ ಅಂಚಿನಲ್ಲಿ ಆಗಲೇ ಅವರು ನಿಂತಿದ್ದಾರೆ. ಕಂಬಳಿ ಹೊದ್ದು, ಊರುಗೋಲು ಮೇಲೆತ್ತಿ, ಯಾವ ಮರ ಮೊದಲು ಹತ್ತಬೇಕೆಂದು ಕೊನೆಗೌಡನಿಗೆ ತೋರಿಸುತ್ತಿದ್ದಾರೆ. ನನ್ನನ್ನು ಕಂಡು, "ನೀ ಎಂತಕ್ಕೆ ಬಂದೆ?" ಎಂದರು.

ಶಿರಸಿಯ ಸೊಸೈಟಿಯಲ್ಲಿ ಅಡಕೆಯ ಖಾತೆ ಇವತ್ತಿಗೂ ಅವರ ಹೆಸರಿನಲ್ಲೇ ಇದೆ.