ಮನೆಯಲ್ಲಿ ಮಲ್ಟಿಟ್ರ್ಯಾಕ್ ಧ್ವನಿಮುದ್ರಣ: ದೋಷಪತ್ತೆ

ಶ್ರುತಿ, ಹಾರ್ಮೋನಿಯಂ, ತಬಲಾ, ಹಾಡು ಇವನ್ನು ಒಂದೇ ಸಲ ಹಿಡಿಯದೆ ಒಂದೊಂದನ್ನೂ ಪ್ರತ್ಯೇಕ ಟ್ರ್ಯಾಕಿನಲ್ಲಿ ಮುದ್ರಿಸಿ, ಆಮೇಲೆ ಹದವರಿತು ಕೂಡಿಸುವ ವಿಧಾನಕ್ಕೆ ಮಲ್ಟಿಟ್ರ್ಯಾಕ್ ಧ್ವನಿಮುದ್ರಣ ಎನ್ನುತ್ತಾರೆ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್‌ಗೆ ಆಂಪೆಕ್ಸ್ ಕಂಪನಿ 1957ರಲ್ಲಿ ಎಂಟು ಟ್ರ್ಯಾಕಿನ ಟೇಪ್ ಯಂತ್ರ ಮಾಡಿಕೊಟ್ಟಿತು. 1979ರಲ್ಲಿ ಬಂದ ಪೋರ್ಟಾಸ್ಟುಡಿಯೊ ಎಂಬ ಯಂತ್ರ ನಾಲ್ಕು ಟ್ರ್ಯಾಕುಗಳನ್ನು ಸಾಧಾರಣ ಕ್ಯಾಸೆಟ್ಟಿನಲ್ಲಿ ಅಡಕಮಾಡಿ ಈ ಕೆಲಸವನ್ನು ಮನೆಯೊಳಗೆ ತಂದಿತು. ಕನ್ನಡ ಚಿತ್ರಗೀತೆಗಳು ಬಹುಕಾಲ ಮದರಾಸಿನ ಸ್ಟುಡಿಯೊಗಳನ್ನೇ ನೆಚ್ಚಿಕೊಂಡಿದ್ದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಸ್ಟುಡಿಯೊ ಕಟ್ಟಿದ್ದು ಆಗ ಸಾಹಸವೇ ಆಗಿತ್ತು. ಈಗ ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್ ಎಂಬ ಅಂಗೈಯಗಲದ ಪೆಟ್ಟಿಗೆ, ಮೈಕ್, ಹೆಡ್‌ಫೋನ್ ಇದ್ದರೆ ಮಲಗುವ ಕೋಣೆಯೇ ಸ್ಟುಡಿಯೊ. ತೊಡಕೂ ಅಲ್ಲಿಂದಲೇ ಶುರು.

ಹೊಸಬರು ಸಾಮಾನ್ಯವಾಗಿ ದೋಷವನ್ನು ತಂತ್ರಾಂಶದಲ್ಲಿ ಹುಡುಕುತ್ತಾರೆ. ಬಹುಪಾಲು ದೋಷ ಇರುವುದು ಅದಕ್ಕೂ ಮೊದಲು: ಕೋಣೆ, ಮೈಕ್, ಕೇಬಲ್, ವಿದ್ಯುತ್ತು. ಮುದ್ರಿಸುವಾಗ ಬಿಟ್ಟ ದೋಷ ಟ್ರ್ಯಾಕ್ ಕೂಡಿದಂತೆ ಬೆಳೆಯುತ್ತದೆ ಎಂಬುದೇ ಇಲ್ಲಿನ ಮುಖ್ಯ ಲೆಕ್ಕ. ಒಂದೇ ಮಟ್ಟದ ಹಿನ್ನೆಲೆ ಗದ್ದಲವಿರುವ ನಾಲ್ಕು ಟ್ರ್ಯಾಕುಗಳನ್ನು ಕೂಡಿಸಿದರೆ ಗದ್ದಲ ಸುಮಾರು 6 ಡೆಸಿಬೆಲ್ ಏರುತ್ತದೆ, ಎಂಟಾದರೆ 9. ಒಂಟಿ ಟ್ರ್ಯಾಕಿನಲ್ಲಿ ಕಿವಿಗೆ ಬೀಳದ ಮೊರೆತ ಮಿಕ್ಸಿಂಗ್ ಹೊತ್ತಿಗೆ ಎದ್ದು ಕೂರುವುದು ಹೀಗೆ.

ಕೋಣೆಯೊಳಗೆ ನುಗ್ಗುವ ಗದ್ದಲಕ್ಕೆ ಮುಂಬೈ ಪಕ್ಕದ ಥಾಣೆಯ ಘೋಡಬಂದರ್ ರಸ್ತೆ ಒಳ್ಳೆಯ ಉದಾಹರಣೆ. ಮಾಜಿವಾಡದಿಂದ ಮಾನ್ಪಾಡಾ, ಪಾಟಲೀಪಾಡಾ, ವಾಘ್‌ಬೀಳ್, ಕಾಸರವಡವಲಿ ಹಾದು ಗಾಯ್‌ಮುಖದತ್ತ ಸಾಗುವ ಈ ದಾರಿಗೆ ಒಂದು ಮಗ್ಗುಲಲ್ಲಿ ಯೇವೂರು ಗುಡ್ಡಗಳು, ಇನ್ನೊಂದು ಕಡೆ ಖಾಡಿ, ಅಂದರೆ ಕಡಲ ಹಿನ್ನೀರು. ನಡುವೆ ಸಾಲುಸಾಲು ಗೋಪುರ ಕಟ್ಟಡಗಳು. ನ್ಹಾವಾ ಶೇವಾ ಬಂದರಿನಿಂದ ಗುಜರಾತಿನತ್ತ ಹೋಗುವ ಕಂಟೇನರ್ ಲಾರಿಗಳು ಓಡುವುದೂ ಇಲ್ಲೇ. ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ, ಊರು ಮಲಗಿದ ಮೇಲೆ ಹಾಡೋಣ ಎಂದು ಕೂತವರಿಗೆ ಲಾರಿಗಳೇ ಜೊತೆಗಾರರು. ಲಾರಿಯ ಗುಡುಗು ತೀರ ತಗ್ಗಿನ ಕಂಪನ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೇಳಿಸದು, ಕಾರಿನ ಸ್ಪೀಕರಿನಲ್ಲಿ ಕೇಳಿಸುತ್ತದೆ. ಗಾಯನದ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಲೋ-ಕಟ್ ಫಿಲ್ಟರಿನಿಂದ ತೆಗೆದರೆ ದನಿಗೆ ನಷ್ಟವಿಲ್ಲ. ತಬಲಾದ ಎಡಗೈಗೆ ಈ ಕತ್ತರಿ ಸಲ್ಲದು. ಡಗ್ಗಾದ ಗುಮುಕು ಅಲ್ಲೇ ಇದೆ.

ಹಾರನ್ನು, ಬೈಕು, ಮಾತುಗಳು ನುಗ್ಗುವುದು ಜಾರುಕಿಟಕಿಯ ಸಂದಿಯಿಂದ. ಗೋಡೆಗೆ ಸ್ಪಂಜಿನ ಹಲಗೆ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆಂಬ ನಂಬಿಕೆ ಬಲವಾಗಿದೆ, ಅಷ್ಟೇ ತಪ್ಪೂ ಆಗಿದೆ. ಅದು ತಗ್ಗಿಸುವುದು ಕೋಣೆಯೊಳಗಿನ ಮಾರ್ದನಿಯನ್ನು ಮಾತ್ರ. ರಸ್ತೆಗೆ ಬೆನ್ನಾದ ಕೋಣೆ ಹಿಡಿದು, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ಹಾಡುವುದು ಖರ್ಚಿಲ್ಲದ ಉಪಾಯ. ಅದಕ್ಕಿಂತ ಮೇಲಾದದ್ದು ಮೈಕಿಗೆ ಹತ್ತಿರವಾಗುವುದು: ಬಾಯಿಗೂ ಮೈಕಿಗೂ 30 ಸೆಂಟಿಮೀಟರ್ ಇದ್ದದ್ದನ್ನು 15ಕ್ಕೆ ಇಳಿಸಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಬೀದಿಯ ಗದ್ದಲ ಇದ್ದಷ್ಟೇ ಇರುತ್ತದೆ. ಡೈನಮಿಕ್ ಮೈಕ್ ಗದ್ದಲ ಹಿಡಿಯುವುದಿಲ್ಲ ಎಂಬ ಮಾತಿನ ಅರ್ಧ ನಿಜವೂ ಇಷ್ಟೇ. ಅದನ್ನು ತುಟಿಗೆ ತಾಗಿಸಿಕೊಂಡು ಹಾಡುತ್ತೇವೆ.

ಗುಂಯ್‌ಗುಡುವಿಕೆ ಬೇರೆ ಜಾತಿಯದು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್. ಅದರ ಸೋರಿಕೆ 50, 100, 150 ಹರ್ಟ್ಸ್‌ಗಳಲ್ಲಿ ಕೇಳಿಸುತ್ತದೆ. ಮೊದಲ ಪರೀಕ್ಷೆ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಮುದ್ರಿಸಿ ನೋಡುವುದು. ಸದ್ದು ಹೋದರೆ ಕಾರಣ ಚಾರ್ಜರ್ ಅಥವಾ ಅರ್ಥಿಂಗ್. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಪ್ಲಗ್ಗಿನ ಮೂರನೆಯ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಅದು ಜೀವಕ್ಕೆ ಅಪಾಯ. ಜಿರಿಜಿರಿ ಸದ್ದಿದ್ದರೆ ತಿರುಗಿಸುವ ಫ್ಯಾನ್ ರೆಗ್ಯುಲೇಟರಿನ ಮೇಲೆ ಅನುಮಾನ ಪಡಬೇಕು. ಫ್ಯಾನನ್ನು ಪೂರ್ತಿ ವೇಗಕ್ಕಿಟ್ಟಾಗ ಅಥವಾ ಆರಿಸಿದಾಗ ಅದು ನಿಂತರೆ ಕಳ್ಳ ಸಿಕ್ಕಂತೆ. ಮೇ ತಿಂಗಳ ಥಾಣೆಯಲ್ಲಿ ಫ್ಯಾನ್ ಆರಿಸಿ ಹಾಡಿ ಎಂದು ಬರೆಯುವುದು ಸುಲಭ, ಹಾಡುವವರ ಪಾಡು ಬೇರೆ.

ಏನೂ ಕೇಳಿಸದಿದ್ದರೆ ಮೈಕಿನಿಂದ ಸ್ಪೀಕರಿನವರೆಗೆ ಒಂದೊಂದೇ ಕೊಂಡಿ ಬದಲಿಸುತ್ತ ಬರಬೇಕು, ಒಟ್ಟಿಗೆ ಎರಡನ್ನು ಎಂದೂ ಬದಲಿಸಬಾರದು. ಖಚಿತವಾಗಿ ಸರಿಯಿರುವ ಒಂದು ಕೇಬಲ್ಲನ್ನು ಪರೀಕ್ಷೆಗೆಂದೇ ಎತ್ತಿಟ್ಟಿರಬೇಕು. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತಿರಬೇಕು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಕೊಂಡ ಅಗ್ಗದ ಕಂಡೆನ್ಸರನ್ನು ನೇರ ಮೊಬೈಲಿಗೆ ಚುಚ್ಚಿದಾಗ ದನಿ ಪಿಸುಗುಟ್ಟುವುದು ಈ ವಿದ್ಯುತ್ತು ಸಾಲದೆ. ದನಿ ಒಡೆದು ಕೇಳಿಸಿದರೆ ಗೇನ್, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ, ಹೆಚ್ಚಾಗಿದೆ; 24 ಬಿಟ್ಟಿನಲ್ಲಿ ಮುದ್ರಿಸುವವರು ಅತಿ ಜೋರಿನ ಸಾಲೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ಲಿನ ಆಸುಪಾಸು ನಿಲ್ಲುವಂತೆ ಇಟ್ಟುಕೊಂಡರೆ ನಿಶ್ಚಿಂತೆ.

ಮಲ್ಟಿಟ್ರ್ಯಾಕಿಗೇ ವಿಶಿಷ್ಟವಾದ ದೋಷ ವಿಳಂಬ. ಹಾರ್ಮೋನಿಯಂ ಟ್ರ್ಯಾಕ್ ಕೇಳುತ್ತ ಹಾಡಿದ್ದು ಆಮೇಲೆ ತಾಳಕ್ಕೆ ಹಿಂದೆ ಬಿದ್ದಿರುತ್ತದೆ. ಹಾಡುಗಾರರು ತಮ್ಮ ಲಯಜ್ಞಾನವನ್ನೇ ಶಂಕಿಸುತ್ತಾರೆ. ಕಂಪ್ಯೂಟರ್ ದನಿಯನ್ನು ಕಂತುಕಂತಾಗಿ ಸಾಗಿಸುತ್ತದೆ, ಆ ಕಂತೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 128 ಸ್ಯಾಂಪಲ್ಲಿನ ಬಫರ್ ಎಂದರೆ 2.7 ಮಿಲಿಸೆಕೆಂಡ್, 1024 ಎಂದರೆ 21. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮುದ್ರಿಸುವಾಗ ಬಫರ್ ಕಿರಿದಾಗಿರಲಿ, ಮಿಕ್ಸಿಂಗ್‌ನಲ್ಲಿ ಹಿರಿದಾಗಿರಲಿ; ಪಟಪಟ ಎಂದು ದನಿ ಹರಿದರೆ ಕಿರಿದು ಅತಿಯಾಯಿತೆಂದರ್ಥ. ವಿಂಡೋಸ್ ಬಳಸುವವರು ಇಂಟರ್‌ಫೇಸಿನ ಆಸಿಯೊ (ASIO) ಡ್ರೈವರ್ ಹಾಕಿಕೊಳ್ಳಬೇಕು. ಬ್ಲೂಟೂತ್ ಇಯರ್‌ಫೋನ್ ಈ ಕೆಲಸಕ್ಕೆ ಬಾರದು, ಅದರ ವಿಳಂಬ ಸಾಮಾನ್ಯವಾಗಿ ನೂರು ಮಿಲಿಸೆಕೆಂಡನ್ನೂ ಮೀರುತ್ತದೆ. ತಮ್ಮ ದನಿ ತಮಗೇ ಎರಡೆರಡು ಸಲ ಕೇಳಿಸಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರನ್ನೂ ತಂತ್ರಾಂಶದ ಮಾನಿಟರನ್ನೂ ಒಟ್ಟಿಗೆ ತೆರೆದಿದ್ದಾರೆ, ಎರಡನೆಯದನ್ನು ಮುಚ್ಚಬೇಕು.

ಉಳಿದ ವಿಳಂಬವನ್ನು ಅಳೆಯಬಹುದು. ಮೆಟ್ರೊನೋಮಿನ ಟಿಕ್ ಸದ್ದನ್ನು ಒಂದು ಟ್ರ್ಯಾಕಿನಲ್ಲಿಟ್ಟು, ಹೆಡ್‌ಫೋನನ್ನು ಮೈಕಿಗೆ ಅಂಟಿಸಿ ಹಿಡಿದು, ಇನ್ನೊಂದು ಟ್ರ್ಯಾಕಿಗೆ ಮುದ್ರಿಸಬೇಕು. ಅಲೆಗಳನ್ನು ಹಿಗ್ಗಿಸಿ ನೋಡಿದರೆ ಎರಡನೆಯ ಟಿಕ್ ಎಷ್ಟು ಹಿಂದಿದೆಯೆಂದು ಕಾಣುತ್ತದೆ. 48,000ದ ದರದಲ್ಲಿ 960 ಸ್ಯಾಂಪಲ್ ಇದ್ದರೆ 20 ಮಿಲಿಸೆಕೆಂಡ್. ಅಷ್ಟನ್ನು ತಂತ್ರಾಂಶದ ವಿಳಂಬ ತಿದ್ದುಪಡಿಯಲ್ಲಿ ತುಂಬಿದರೆ ಮುಂದಿನ ಟ್ರ್ಯಾಕುಗಳು ತಾನಾಗಿ ಜಾಗಕ್ಕೆ ಬರುತ್ತವೆ. ಆಡಾಸಿಟಿ ಎಂಬ ತಂತ್ರಾಂಶ ಮೈನಸ್ 130 ಮಿಲಿಸೆಕೆಂಡ್ ಎಂಬ ಅಂದಾಜನ್ನು ಮೊದಲೇ ತುಂಬಿಕೊಂಡು ಬರುತ್ತದೆ. ಅದು ನಿಮ್ಮ ಯಂತ್ರಕ್ಕೆ ಹೊಂದಬೇಕೆಂದೇನೂ ಇಲ್ಲ.

ಶ್ರುತಿ ತಪ್ಪಿದಂತೆ ಕಂಡರೆ ಸ್ಯಾಂಪಲ್ ದರ ನೋಡಬೇಕು. 48,000ದಲ್ಲಿ ಮುದ್ರಿಸಿದ್ದನ್ನು 44,100 ಎಂದು ತಿಳಿದು ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಮನೆ ಇಳಿಯುತ್ತದೆ. ಕರಿ ಎರಡರಲ್ಲಿ ಹಾಡಿದ್ದು ಬಿಳಿ ಎರಡಕ್ಕೂ ಕರಿ ಒಂದಕ್ಕೂ ನಡುವೆ, ಹಾರ್ಮೋನಿಯಮ್ಮಿನಲ್ಲಿ ಮನೆಯೇ ಇಲ್ಲದ ಕಡೆ ಬಂದು ಕೂರುತ್ತದೆ. ಐದು ನಿಮಿಷದ ಹಾಡು ಸುಮಾರು 26.5 ಸೆಕೆಂಡ್ ಉದ್ದವಾಗುತ್ತದೆ. ಹಾಡು ಮತ್ತೆ ಹಾಡಬೇಕಿಲ್ಲ, ಫೈಲಿನ ದರ ಸರಿಪಡಿಸಿದರೆ ಸಾಕು.

ಜೂನ್ ಬಂತೆಂದರೆ ಖಾಡಿಯ ಕಡೆಯ ತೇವ ಕಂಡೆನ್ಸರ್ ಮೈಕಿನೊಳಗೂ ಇಳಿಯುತ್ತದೆ. ಚಿಟಪಟ, ಬುಸ್ ಎಂಬ ಸದ್ದು ಬಂದರೆ ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ತಬಲಾದ ಚರ್ಮವೂ ಸಡಿಲವಾಗಿ ಶ್ರುತಿ ಇಳಿಯುವುದರಿಂದ ಪ್ರತಿ ಟೇಕಿಗೆ ಮುಂಚೆ ಮೇಳವಿಸಿಕೊಳ್ಳುವುದು ಲೇಸು.

ಡೊಂಬಿವಲಿಯಲ್ಲಿ ಕರ್ನಾಟಕ ಸಂಘವೇ ಮಂಜುನಾಥ ವಿದ್ಯಾಲಯ ನಡೆಸುವಷ್ಟು ಕನ್ನಡಿಗರು ಥಾಣೆಯ ಸುತ್ತಮುತ್ತ ಚದುರಿಕೊಂಡಿದ್ದಾರೆ. ಹಾಡುವವರು ಕಾಸರವಡವಲಿಯಲ್ಲಿ, ತಬಲಾದವರು ಡೊಂಬಿವಲಿಯಲ್ಲಿ, ಹಾರ್ಮೋನಿಯಂ ವಾಶಿಯಲ್ಲಿ ಇದ್ದರೆ ಟ್ರಾಫಿಕ್ ದಾಟಿ ಒಂದೆಡೆ ಸೇರುವುದಕ್ಕಿಂತ ಮನೆಯಲ್ಲೇ ಮುದ್ರಿಸಿ ಕಳಿಸುವುದು ಹಗುರ. ಆಗ ಫೈಲನ್ನು ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇಲ್ಲವಾದರೆ ದನಿ ಹಿಂಡಿಹೋಗುತ್ತದೆ. ಬೇರೆ ಬೇರೆ ಯಂತ್ರಗಳ ಗಡಿಯಾರಗಳೂ ಪೂರ್ತಿ ಒಂದಾಗಿರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಐದು ನಿಮಿಷದ ಕೊನೆಗೆ 15 ಮಿಲಿಸೆಕೆಂಡ್ ಸರಿದಿರುತ್ತದೆ. ಮೊದಲು ಬಂದ ಟ್ರ್ಯಾಕಿನ ಆದಿಗೂ ಅಂತ್ಯಕ್ಕೂ ನಾಲ್ಕು ಟಿಕ್ ಸೇರಿಸಿ ಕಳಿಸಿ, ಉಳಿದವರು ಅದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿ ಮುದ್ರಿಸಿದರೆ, ಮಿಕ್ಸ್ ಮಾಡುವವರು ಮೊದಲ ಚಪ್ಪಾಳೆಯನ್ನು ಕೂಡಿಸಿ, ಕೊನೆಯದು ಎಷ್ಟು ಜಾರಿದೆಯೋ ಅಷ್ಟು ಟ್ರ್ಯಾಕನ್ನು ಎಳೆದು ಹೊಂದಿಸಬಹುದು.