ಚಿಕ್ಕ ದೋಣಿಯೋ, ದೊಡ್ಡ ದೋಣಿಯೋ?

ಭಾತಂಬ್ರಾ ಭಾಲ್ಕಿ ತಾಲ್ಲೂಕಿನ ಕೋಟೆಯ ಊರು. ಈ ತಾಲ್ಲೂಕಿನವರಿಗೆ ದೊಡ್ಡ ನೀರೆಂದರೆ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ. ಇಂತಹ ಜಲಾಶಯದಲ್ಲಿ ವಿಹಾರಕ್ಕೆ ಒಂದು ಮೋಟಾರು ದೋಣಿ ಇಳಿಸಬೇಕೆಂದು ಭಾವಿಸಿ. 4 ಮೀಟರ್ ಉದ್ದದ್ದನ್ನು ಆರಿಸುವಿರೋ, 9 ಮೀಟರಿನದನ್ನೋ? ಉತ್ತರಿಸುವ ಮೊದಲು 19ನೆಯ ಶತಮಾನದ ಇಂಗ್ಲೆಂಡಿನ ಕೆಲವು ಪ್ರಯೋಗಗಳನ್ನು ನೋಡೋಣ.

ವಿಲಿಯಂ ಫ್ರೂಡ್ (1810–1879) ಎಂಬ ಎಂಜಿನಿಯರ್ 1867ರಲ್ಲಿ ಡಾರ್ಟ್ ನದಿಯಲ್ಲಿ 3, 6 ಮತ್ತು 12 ಅಡಿ ಉದ್ದದ ಮಾದರಿ ಹಡಗುಗಳನ್ನು ಎಳೆಸಿ, ನೀರು ಒಡ್ಡುವ ರೋಧವನ್ನು ಅಳೆದರು. ಒಂದೇ ಆಕಾರದ ಚಿಕ್ಕ, ದೊಡ್ಡ ಮಾದರಿಗಳು ಒಂದೇ ಬಗೆಯ ಅಲೆಗಳನ್ನು ಎಬ್ಬಿಸುತ್ತಿದ್ದವು. ಆದರೆ ಒಂದೇ ವೇಗದಲ್ಲಿ ಅಲ್ಲ; ವೇಗಗಳು ಉದ್ದದ ವರ್ಗಮೂಲದ ಅನುಪಾತದಲ್ಲಿದ್ದಾಗ ಮಾತ್ರ. ಪುಟ್ಟ ಮಾದರಿಯಿಂದ ದೊಡ್ಡ ಹಡಗಿನ ಗುಣ ತಿಳಿಯಬಹುದೆಂದು ಆಗ ಹಲವರು ಒಪ್ಪಲಿಲ್ಲ. 1871ರಲ್ಲಿ ಫ್ರೂಡ್ 'ಗ್ರೇಹೌಂಡ್' ಎಂಬ ನಿಜವಾದ ನೌಕೆಯನ್ನೇ ಇನ್ನೊಂದು ನೌಕೆಯಿಂದ ಎಳೆಸಿ ರೋಧವನ್ನು ಅಳೆದರು. ಅವರ ನಿಯಮ ಸರಿಯೆಂದು ಕಂಡುಬಂತು.

ಇದಕ್ಕೆ ಕಾರಣವೇನು? ಚಲಿಸುವ ದೋಣಿ ತನ್ನ ಮುಂತುದಿಯಲ್ಲಿ ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದ ಮೇಲೆ ಇನ್ನೂ ವೇಗ ಬೇಕೆಂದರೆ, ದೋಣಿ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಬೇಕು. ರೋಧ ಥಟ್ಟನೆ ಏರುತ್ತದೆ. ಲೆಕ್ಕ ಸುಲಭ: ಮೀಟರ್‌ಗಳಲ್ಲಿ ಉದ್ದದ ವರ್ಗಮೂಲವನ್ನು 1.25ರಿಂದ ಗುಣಿಸಿದರೆ ಈ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. 4 ಮೀಟರ್ ದೋಣಿಗೆ ಇದು 2.5, ಅಂದರೆ ಗಂಟೆಗೆ 9 ಕಿ.ಮೀ. 9 ಮೀಟರಿನದಕ್ಕೆ 13.5 ಕಿ.ಮೀ. ವೇಗ ಒಂದೂವರೆ ಪಟ್ಟಾಯಿತು. ಆದರೆ ಎರಡೂ ಒಂದೇ ಆಕಾರದವಾದರೆ ತೂಕ ಸುಮಾರು 11 ಪಟ್ಟಾಗುತ್ತದೆ! ದೊಡ್ಡ ದೋಣಿಗೆ ಆಳವೂ ಹೆಚ್ಚು ಬೇಕು. ಬೇಸಿಗೆಯಲ್ಲಿ ಜಲಾಶಯ ತಗ್ಗಿದಾಗ ಇದು ಮುಖ್ಯ.

ಹಾಗಾದರೆ ಚಿಕ್ಕ ದೋಣಿ ಎಂದೆಂದಿಗೂ ನಿಧಾನವೇ? ಇಲ್ಲ. ನೀರನ್ನು ಸೀಳುವ ಬದಲು ಅದರ ಮೇಲೆಯೇ ಜಾರುವ ದೋಣಿಯ ಕಲ್ಪನೆಯನ್ನು 1872ರಲ್ಲಿ ರಾಮಸ್ ಎಂಬ ಪಾದ್ರಿ ಮುಂದಿಟ್ಟಿದ್ದರು. ಅಂದಿನ ಭಾರವಾದ ಉಗಿಯಂತ್ರಗಳಿಗೆ ಅದು ಸಾಧ್ಯವಿರಲಿಲ್ಲ. ಹಗುರವಾದ ಪೆಟ್ರೋಲ್ ಎಂಜಿನ್ ಬಂದ ಮೇಲೆ ಅದು ನಿಜವಾಯಿತು. ಅಮೆರಿಕದಲ್ಲಿ ಓಲೆ ಎವಿನ್ರೂಡ್ ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರನ್ನು 1909ರಲ್ಲಿ ಮಾರುಕಟ್ಟೆಗೆ ತಂದರು. ಇಂದು ಸಾಕಷ್ಟು ಶಕ್ತಿಯ ಮೋಟಾರಿರುವ ಹಗುರವಾದ ಚಿಕ್ಕ ದೋಣಿ, ಭಾರವಾದ ದೊಡ್ಡ ದೋಣಿಯನ್ನು ಸುಲಭವಾಗಿ ಹಿಂದೆ ಹಾಕಬಲ್ಲದು. ಆದರೆ ಜನ ಹೆಚ್ಚಾದರೆ ಅದು ನೀರಿನಿಂದ ಮೇಲೇಳಲಾರದು.

ವೇಗಕ್ಕಿಂತ ಮುಖ್ಯವಾದದ್ದು ಸ್ಥಿರತೆ. ದೋಣಿ ಓರೆಯಾದಾಗ ಮತ್ತೆ ನೆಟ್ಟಗಾಗುತ್ತದೆಯೇ ಎಂಬುದನ್ನು ಲೆಕ್ಕ ಹಾಕುವ ಬಗೆಯನ್ನು ಫ್ರಾನ್ಸಿನ ಪಿಯರ್ ಬೂಗೇರ್ 1746ರಲ್ಲೇ ಪ್ರಕಟಿಸಿದ್ದರು. ಅಗಲ ಹೆಚ್ಚಿದರೆ ಸ್ಥಿರತೆ ಬೇಗ ಹೆಚ್ಚುತ್ತದೆ. ಗುರುತ್ವ ಕೇಂದ್ರ ಮೇಲೇರಿದರೆ ಕುಗ್ಗುತ್ತದೆ. ಹಾಗಾಗಿ ದೊಡ್ಡದಾಗಿ ಕಾಣುವ ದೋಣಿ ಸುರಕ್ಷಿತವೆಂದು ನಂಬುವಂತಿಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ವಿಹಾರದೋಣಿ ಮಗುಚಿ 45 ಜನ ಸತ್ತರು. 2023ರ ಮೇ 7ರಂದು ತಾನೂರಿನಲ್ಲಿ ಮತ್ತೊಂದು ಎರಡಂತಸ್ತಿನ ದೋಣಿ 22 ಜನರನ್ನು ಬಲಿ ತೆಗೆದುಕೊಂಡಿತು.

ಈಗ ನಿಮ್ಮ ಆಯ್ಕೆಗೆ ಬನ್ನಿ. ನಾಲ್ಕೈದು ಜನರಿಗೆ, ಶಾಂತವಾದ ನೀರಿಗೆ ಅಗಲವಾದ ಚಿಕ್ಕ ದೋಣಿಯೇ ಸಾಕು, ಇಂಧನವೂ ಉಳಿಯುತ್ತದೆ. ಇಡೀ ತರಗತಿ ಒಟ್ಟಿಗೆ ಹೋಗಬೇಕಾದರೆ, ಗಾಳಿಗೆ ಅಲೆ ಏಳುವ ವಿಶಾಲವಾದ ನೀರಾದರೆ, ಅದಕ್ಕೆ ತಕ್ಕಷ್ಟು ಅಗಲವೂ ಉದ್ದವೂ ಇರುವ ಒಂದೇ ಅಂತಸ್ತಿನ ದೊಡ್ಡ ದೋಣಿ ಬೇಕು. ಯಾವುದನ್ನೇ ಹತ್ತಿ, ಮೊದಲು ಅದಕ್ಕೆ ಎಷ್ಟು ಜನರ ಅನುಮತಿ ಇದೆಯೆಂದು ಕೇಳಿ. ಲೈಫ್ ಜಾಕೆಟ್ ಕಟ್ಟಿಕೊಳ್ಳಿ. ಎಲ್ಲರೂ ಒಂದೇ ಬದಿಗೆ ಸರಿಯಬೇಡಿ.